ವಿಹಾರ ನೌಕೆಯಲ್ಲಿ ಕ್ಯಾಬಿನ್ ಸ್ಥಾನ

ವಿಹಾರ ನೌಕೆಯಲ್ಲಿ ಕ್ಯಾಬಿನ್ ಸ್ಥಾನ ಎಂದರೆ ಪ್ರಯಾಣಿಕರು ತಂಗುವ ಕೋಣೆಯು ಹಡಗಿನ ಉದ್ದ, ಎತ್ತರ ಮತ್ತು ಅಗಲಗಳಲ್ಲಿ ಎಲ್ಲಿದೆ ಎಂಬುದು. ಒಂದೇ ಅಳತೆಯ, ಒಂದೇ ಬಗೆಯ ಸೌಕರ್ಯಗಳುಳ್ಳ ಎರಡು ಕ್ಯಾಬಿನ್‌ಗಳು ಹಡಗಿನ ಬೇರೆ ಬೇರೆ ಭಾಗಗಳಲ್ಲಿದ್ದರೆ ಅವುಗಳಲ್ಲಿ ಅನುಭವಕ್ಕೆ ಬರುವ ಅಲುಗಾಟ, ಸದ್ದು, ಬೆಳಕು ಮತ್ತು ಹೊರನೋಟ ಬೇರೆಯಾಗಿರುತ್ತವೆ. ಊಟದ ಮನೆ, ಈಜುಕೊಳ, ಮಕ್ಕಳ ಆಟದ ಕೊಠಡಿ ಹಾಗೂ ತುರ್ತು ಸಂದರ್ಭದಲ್ಲಿ ಸೇರಬೇಕಾದ ತಾಣಕ್ಕೆ ನಡೆಯಬೇಕಾದ ದೂರವೂ ಬದಲಾಗುತ್ತದೆ. ಮಕ್ಕಳು ಮತ್ತು ವೃದ್ಧರೊಡನೆ ಪ್ರಯಾಣಿಸುವ ಕುಟುಂಬಗಳ ಮಟ್ಟಿಗೆ ಕ್ಯಾಬಿನ್‌ನ ದರ್ಜೆಯಷ್ಟೇ ಅದರ ಸ್ಥಾನವೂ ಮುಖ್ಯವಾದುದು.

ದಿಕ್ಕುಗಳು ಮತ್ತು ಡೆಕ್‌ಗಳು

ಹಡಗಿನ ಮುಂತುದಿಯನ್ನು ಬೋ ಎಂದೂ ಹಿಂತುದಿಯನ್ನು ಸ್ಟರ್ನ್ ಎಂದೂ ಕರೆಯುತ್ತಾರೆ. ಮುಂತುದಿಗೆ ಮುಖಮಾಡಿ ನಿಂತವರ ಎಡಬದಿ ಪೋರ್ಟ್, ಬಲಬದಿ ಸ್ಟಾರ್‌ಬೋರ್ಡ್. ಈ ಹೆಸರುಗಳು ಹಡಗಿಗೆ ಸಂಬಂಧಿಸಿದವೇ ಹೊರತು ನೋಡುವವನಿಗೆ ಸಂಬಂಧಿಸಿದವಲ್ಲ. ವ್ಯಕ್ತಿಯು ಯಾವ ಕಡೆ ತಿರುಗಿ ನಿಂತರೂ ಅವು ಬದಲಾಗುವುದಿಲ್ಲ. ಹಡಗಿನ ಅಂತಸ್ತುಗಳಿಗೆ ಡೆಕ್ ಎಂದು ಹೆಸರು. ಕ್ಯಾಬಿನ್ ಸಂಖ್ಯೆಯ ಮೊದಲ ಒಂದು ಅಥವಾ ಎರಡು ಅಂಕಿಗಳು ಸಾಮಾನ್ಯವಾಗಿ ಡೆಕ್ಕನ್ನು ಸೂಚಿಸುತ್ತವೆ. ಉಳಿದ ಅಂಕಿಗಳಿಂದ ಎಡಬದಿ, ಬಲಬದಿಗಳನ್ನು ತಿಳಿಯುವ ಕ್ರಮವು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಪ್ರತಿ ಅಂತಸ್ತಿನಲ್ಲಿ ಏನೇನಿದೆ ಎಂದು ತೋರಿಸುವ ಡೆಕ್ ನಕ್ಷೆಯನ್ನು ಕಂಪನಿಗಳು ಪ್ರಕಟಿಸುತ್ತವೆ. ಸ್ಥಾನವನ್ನು ಅರಿಯಲು ಇದೇ ಮುಖ್ಯ ಆಧಾರ.

ಇತಿಹಾಸ

ಹಾಯಿಹಡಗುಗಳ ಕಾಲದಲ್ಲಿ ಗಣ್ಯ ಪ್ರಯಾಣಿಕರ ಕೋಣೆಗಳು ಹಿಂಭಾಗದಲ್ಲಿರುತ್ತಿದ್ದವು. ಉಗಿಹಡಗುಗಳು ಬಂದ ಮೇಲೂ ಈ ಪದ್ಧತಿ ಕೆಲಕಾಲ ಮುಂದುವರಿಯಿತು. ಆದರೆ ಹಿಂಭಾಗದಲ್ಲಿ ತಿರುಗುವ ಚಾಲಕ ಚಕ್ರದ ಕಂಪನವು ಅಲ್ಲಿ ಮಲಗಿದವರ ನಿದ್ರೆಯನ್ನು ಕೆಡಿಸುತ್ತಿತ್ತು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಬ್ರಿಟಾನಿಯಾ ಹಡಗಿನಲ್ಲಿ ಅಮೆರಿಕಕ್ಕೆ ಪ್ರಯಾಣಿಸಿ, ತನ್ನ ಕ್ಯಾಬಿನ್ನಿನ ಇಕ್ಕಟ್ಟನ್ನು ಅದೇ ವರ್ಷದ ‘ಅಮೆರಿಕನ್ ನೋಟ್ಸ್’ ಕೃತಿಯಲ್ಲಿ ಹಾಸ್ಯದಿಂದ ವರ್ಣಿಸಿದ್ದಾನೆ.

1871ರಲ್ಲಿ ಮೊದಲ ಯಾನ ಕೈಗೊಂಡ ವೈಟ್ ಸ್ಟಾರ್ ಸಂಸ್ಥೆಯ ಓಷಿಯಾನಿಕ್ ಹಡಗು ಪ್ರಥಮ ದರ್ಜೆಯ ಕ್ಯಾಬಿನ್‌ಗಳನ್ನು ಹಿಂಭಾಗದಿಂದ ನಡುಭಾಗಕ್ಕೆ ತಂದಿತು. ಅಲುಗಾಟವೂ ಕಂಪನವೂ ಕಡಿಮೆಯಿರುವ ಈ ಜಾಗವು ಅಂದಿನಿಂದ ಹೆಚ್ಚು ಬೆಲೆಯ ಜಾಗವಾಯಿತು. ಅಗ್ಗದ ದರದವರಿಗೆ ಕೆಳ ಡೆಕ್‌ಗಳು ಮತ್ತು ಎರಡು ತುದಿಗಳು ಉಳಿದವು.

ಬ್ರಿಟನ್ ಮತ್ತು ಭಾರತದ ನಡುವಿನ ಯಾನದಲ್ಲಿ ಕೆಂಪು ಸಮುದ್ರದ ಬಿಸಿಲು ಪ್ರಯಾಣಿಕರನ್ನು ಬಾಧಿಸುತ್ತಿತ್ತು. ಹವಾನಿಯಂತ್ರಣವಿಲ್ಲದ ಆ ಕಾಲದಲ್ಲಿ ನೆರಳಿನ ಬದಿಯ ಕ್ಯಾಬಿನ್‌ಗಳಿಗೆ ಬೇಡಿಕೆಯಿತ್ತು. ಹೋಗುವಾಗ ಪೋರ್ಟ್, ಮರಳುವಾಗ ಸ್ಟಾರ್‌ಬೋರ್ಡ್ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ‘ಪಾಶ್’ ಎಂಬ ಪದ ಹುಟ್ಟಿತೆಂಬ ಜನಪ್ರಿಯ ಕಥೆಯೊಂದಿದೆ. ಇದಕ್ಕೆ ದಾಖಲೆಗಳ ಆಧಾರ ದೊರೆತಿಲ್ಲ.

ಸ್ಥಾನದ ಮಹತ್ವವನ್ನು ಅತ್ಯಂತ ದಾರುಣವಾಗಿ ತೋರಿಸಿದ್ದು 1912ರ ಟೈಟಾನಿಕ್ ದುರಂತ. ಆ ಹಡಗಿನಲ್ಲಿ ತೃತೀಯ ದರ್ಜೆಯ ಒಂಟಿ ಗಂಡಸರಿಗೆ ಮುಂಭಾಗದಲ್ಲೂ ಕುಟುಂಬಗಳಿಗೆ ಮತ್ತು ಒಂಟಿ ಹೆಂಗಸರಿಗೆ ಹಿಂಭಾಗದಲ್ಲೂ ಸ್ಥಳ ನೀಡಲಾಗಿತ್ತು. ರಕ್ಷಣಾ ದೋಣಿಗಳು ಮೇಲಿನ ಡೆಕ್‌ನಲ್ಲಿದ್ದವು. ಕೆಳಗಿನ ಡೆಕ್‌ಗಳಿಂದ ಅಲ್ಲಿಗೆ ತಲುಪಬೇಕಾದ ದಾರಿ ಉದ್ದವೂ ಅಪರಿಚಿತವೂ ಆಗಿತ್ತು. ಬ್ರಿಟಿಷ್ ವಿಚಾರಣಾ ವರದಿಯ ಪ್ರಕಾರ ದ್ವಿತೀಯ ದರ್ಜೆಯ 24 ಮಕ್ಕಳೆಲ್ಲರೂ ಬದುಕುಳಿದರೆ, ತೃತೀಯ ದರ್ಜೆಯ 79 ಮಕ್ಕಳಲ್ಲಿ ಉಳಿದವರು 27 ಮಂದಿ. ಈ ಅಂತರಕ್ಕೆ ಸ್ಥಾನವೊಂದೇ ಕಾರಣವಲ್ಲವಾದರೂ ಅದು ಪ್ರಮುಖ ಕಾರಣಗಳಲ್ಲೊಂದು.

ಅಲುಗಾಟ

ಸಮುದ್ರದಲ್ಲಿ ಹಡಗಿನ ಚಲನೆ ಹಲವು ವಿಧ. ಪ್ರಯಾಣಿಕರಿಗೆ ಹೆಚ್ಚು ಅನುಭವಕ್ಕೆ ಬರುವವು ಎರಡು: ಮುಂತುದಿ ಹಿಂತುದಿಗಳು ಒಂದರ ನಂತರ ಒಂದು ಏಳುತ್ತ ಬೀಳುತ್ತ ಹೋಗುವ ಏರಿಳಿತ, ಹಾಗೂ ಹಡಗು ಎಡಬಲಗಳಿಗೆ ವಾಲುವ ಹೊರಳಾಟ.

ಏರಿಳಿತವನ್ನು ಮಕ್ಕಳ ಉದ್ಯಾನದ ಸೀಸಾ ಹಲಗೆಗೆ ಹೋಲಿಸಬಹುದು. ಹಲಗೆಯ ತುದಿಯಲ್ಲಿ ಕುಳಿತವರು ಹೆಚ್ಚು ಏರಿಳಿಯುತ್ತಾರೆ. ನಡುವಿನಲ್ಲಿ ನಿಂತವರು ಬಹುತೇಕ ಸ್ಥಿರವಾಗಿರುತ್ತಾರೆ. 300 ಮೀಟರ್ ಉದ್ದದ ಹಡಗು ತನ್ನ ನಡುಬಿಂದುವಿನ ಸುತ್ತ 1 ಡಿಗ್ರಿಯಷ್ಟು ವಾಲಿದರೆ, 150 ಮೀಟರ್ ದೂರದ ತುದಿಯು ಸುಮಾರು 2.6 ಮೀಟರ್ ಮೇಲೇಳುತ್ತದೆ ಅಥವಾ ಕೆಳಗಿಳಿಯುತ್ತದೆ. ನಡುಬಿಂದುವಿನಿಂದ 15 ಮೀಟರ್ ದೂರದ ಕ್ಯಾಬಿನ್ ಅದೇ ವೇಳೆಯಲ್ಲಿ ಸುಮಾರು 26 ಸೆಂಟಿಮೀಟರ್ ಮಾತ್ರ ಚಲಿಸುತ್ತದೆ.

ಹೊರಳಾಟದಲ್ಲಿ ಎತ್ತರವು ಮುಖ್ಯ. ಹೊರಳಾಟದ ಅಕ್ಷಕ್ಕಿಂತ 30 ಮೀಟರ್ ಮೇಲಿರುವ ಕ್ಯಾಬಿನ್ 5 ಡಿಗ್ರಿ ವಾಲಿಕೆಯಲ್ಲಿ ಪಕ್ಕಕ್ಕೆ ಸುಮಾರು 2.6 ಮೀಟರ್ ಸರಿಯುತ್ತದೆ. 5 ಮೀಟರ್ ಮೇಲಿರುವುದು ಅರ್ಧ ಮೀಟರಿಗೂ ಕಡಿಮೆ ಸರಿಯುತ್ತದೆ. ಆಧುನಿಕ ಹಡಗುಗಳ ಇಕ್ಕೆಲಗಳಲ್ಲಿ ನೀರಿನೊಳಗೆ ಚಾಚುವ ಸ್ಥಿರಕಾರಿ ರೆಕ್ಕೆಗಳು ಹೊರಳಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಏರಿಳಿತದ ಮೇಲೆ ಅವುಗಳ ಪರಿಣಾಮ ಅಲ್ಪ. ಆದ್ದರಿಂದ ಕೆಳ ಡೆಕ್‌ನ ನಡುಭಾಗವೇ ಅಲುಗಾಟ ಅತ್ಯಂತ ಕಡಿಮೆಯಿರುವ ಸ್ಥಳ. ಎತ್ತರದಲ್ಲಿ, ಮುಂತುದಿಯ ಸಮೀಪದಲ್ಲಿರುವ ದುಬಾರಿ ಕ್ಯಾಬಿನ್ ಈ ದೃಷ್ಟಿಯಿಂದ ಕೆಳಗಿನ ಅಗ್ಗದ ಕ್ಯಾಬಿನ್ನಿಗಿಂತ ಕೆಳಮಟ್ಟದ್ದು.

ಚಲನೆಯಿಂದಾಗುವ ವಾಕರಿಕೆಯು 2ರಿಂದ 12 ವರ್ಷದ ಮಕ್ಕಳಲ್ಲಿ ಹೆಚ್ಚು; 2 ವರ್ಷದೊಳಗಿನ ಶಿಶುಗಳಲ್ಲಿ ವಿರಳ. ನಿಧಾನವಾದ ಮೇಲೆ ಕೆಳಗಿನ ಚಲನೆಯೇ ಇದನ್ನು ಹೆಚ್ಚಾಗಿ ಉಂಟುಮಾಡುತ್ತದೆ. ದಿಗಂತವನ್ನು ನೋಡುವುದು ಮತ್ತು ತಾಜಾ ಗಾಳಿಗೆ ಬರುವುದು ಹಲವರಿಗೆ ಉಪಶಮನ ನೀಡುತ್ತವೆ.

ಸದ್ದು ಮತ್ತು ಕಂಪನ

ಕ್ಯಾಬಿನ್ನಿನ ಅಕ್ಕಪಕ್ಕಗಳಷ್ಟೇ ಅದರ ಮೇಲೂ ಕೆಳಗೂ ಏನಿದೆ ಎಂಬುದು ನಿದ್ರೆಯನ್ನು ನಿರ್ಧರಿಸುತ್ತದೆ. ಈಜುಕೊಳದ ಡೆಕ್‌ನ ಕೆಳಗಿರುವ ಕ್ಯಾಬಿನ್‌ಗಳಲ್ಲಿ ಬೆಳಗಿನ ಜಾವವೇ ಕುರ್ಚಿಗಳನ್ನು ಎಳೆಯುವ ಸದ್ದು ಕೇಳಿಸುವುದುಂಟು. ಅಡುಗೆಮನೆಯ ಕೆಳಗಿದ್ದರೆ ಗಾಡಿಗಳ ಓಡಾಟವೂ, ರಂಗಮಂದಿರ ಅಥವಾ ನೃತ್ಯಶಾಲೆಯ ಮೇಲಿದ್ದರೆ ತಡರಾತ್ರಿಯವರೆಗೆ ಸಂಗೀತವೂ ಕೇಳಿಸಬಹುದು. ಮುಂಭಾಗದ ಕೆಳ ಡೆಕ್‌ಗಳಲ್ಲಿ ಲಂಗರಿನ ಸರಪಳಿಯ ಸದ್ದೂ, ಬಂದರು ಸೇರುವಾಗ ಹಡಗನ್ನು ಪಕ್ಕಕ್ಕೆ ಸರಿಸುವ ಯಂತ್ರಗಳ ಸದ್ದೂ ಇರುತ್ತದೆ. ಹಿಂಭಾಗದ ಕೆಳ ಡೆಕ್‌ಗಳಲ್ಲಿ ಚಾಲಕ ಯಂತ್ರಗಳ ಕಂಪನವಿರುತ್ತದೆ. ಲಿಫ್ಟ್‌ಗಳ ಸಮೀಪವು ನಡೆಯಲು ಕಷ್ಟಪಡುವವರಿಗೆ ಅನುಕೂಲ. ಆದರೆ ಅಲ್ಲಿ ಜನರ ಓಡಾಟವೂ ಮಾತುಕತೆಯೂ ಹೆಚ್ಚು. ಮೇಲಿನ ಮತ್ತು ಕೆಳಗಿನ ಎರಡೂ ಡೆಕ್‌ಗಳಲ್ಲಿ ಕ್ಯಾಬಿನ್‌ಗಳೇ ಇರುವ ಸ್ಥಾನವು ಸಾಮಾನ್ಯವಾಗಿ ಪ್ರಶಾಂತವಾದುದು. ಡೆಕ್ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಇದು ತಿಳಿಯುತ್ತದೆ.

ಕ್ಯಾಬಿನ್ ಬಗೆಗಳು

ಒಳಕ್ಯಾಬಿನ್: ಹಡಗಿನ ಅಗಲದ ಒಳಭಾಗದಲ್ಲಿದ್ದು ಕಿಟಕಿಯಿರುವುದಿಲ್ಲ. ದರ ಕಡಿಮೆ. ದೀಪ ಆರಿಸಿದರೆ ಹಗಲಿನಲ್ಲೂ ಪೂರ್ಣ ಕತ್ತಲೆ.

ಸಮುದ್ರನೋಟದ ಕ್ಯಾಬಿನ್: ತೆರೆಯಲಾಗದ ಗಾಜಿನ ಕಿಟಕಿಯಿರುತ್ತದೆ. ಕೆಲವು ಡೆಕ್‌ಗಳಲ್ಲಿ ರಕ್ಷಣಾ ದೋಣಿಗಳು ನೋಟಕ್ಕೆ ಅಡ್ಡವಾಗುತ್ತವೆ. ಇಂಥವುಗಳನ್ನು ತಡೆನೋಟದ ಕ್ಯಾಬಿನ್ ಎಂದು ನಮೂದಿಸಿ ದರ ಇಳಿಸುವುದು ರೂಢಿ.

ಬಾಲ್ಕನಿ ಕ್ಯಾಬಿನ್: ಹೊರಗೆ ಕುಳಿತುಕೊಳ್ಳಲು ಜಗಲಿಯಿರುತ್ತದೆ. 1980ರ ದಶಕದ ನಂತರ ಇವುಗಳ ಸಂಖ್ಯೆ ಹೆಚ್ಚಿತು.

ಒಳಮುಖದ ಬಾಲ್ಕನಿ: 2009ರ ಓಯಸಿಸ್ ಆಫ್ ದ ಸೀಸ್ ಹಡಗಿನ ನಡುವಿನಲ್ಲಿ ಆಕಾಶಕ್ಕೆ ತೆರೆದ ಉದ್ಯಾನವಿದ್ದು, ಕೆಲವು ಬಾಲ್ಕನಿಗಳು ಕಡಲಿನ ಬದಲು ಅದರ ಕಡೆಗೆ ತೆರೆದುಕೊಳ್ಳುತ್ತವೆ.

ಕಡಿಮೆ ದರಕ್ಕೆ ಬಗೆಯನ್ನು ಮಾತ್ರ ಖಾತರಿಪಡಿಸಿ, ಸ್ಥಾನವನ್ನು ಕಂಪನಿಯೇ ನಂತರ ನಿರ್ಧರಿಸುವ ಪದ್ಧತಿಯೂ ಇದೆ. ಎರಡು ಕ್ಯಾಬಿನ್ ಬೇಕಾದ ಕುಟುಂಬಗಳಿಗೆ ಇದರಲ್ಲಿ ತೊಡಕಿದೆ: ಅವು ಬೇರೆ ಬೇರೆ ಡೆಕ್‌ಗಳಲ್ಲಿ ದೊರೆಯುವ ಸಾಧ್ಯತೆಯಿರುತ್ತದೆ.

ಕುಟುಂಬಗಳಿಗಾಗಿ ರೂಪಿಸಿದ ಹಡಗುಗಳು

2011ರಲ್ಲಿ ಸೇವೆಗೆ ಬಂದ ಡಿಸ್ನಿ ಡ್ರೀಮ್ ಹಡಗು ಕುಟುಂಬಗಳನ್ನು ಗಮನದಲ್ಲಿಟ್ಟು ಜರ್ಮನಿಯ ಪಾಪೆನ್‌ಬುರ್ಗ್‌ನ ಮೈಯರ್ ವೆರ್ಫ್ಟ್ ಕಟ್ಟೆಯಲ್ಲಿ ನಿರ್ಮಾಣವಾಯಿತು. ಇದರಲ್ಲಿ 1,250 ಕ್ಯಾಬಿನ್‌ಗಳಿವೆ. ಮಕ್ಕಳ ಕ್ಲಬ್‌ಗಳು 5ನೇ ಡೆಕ್‌ನ ನಡುಭಾಗದಲ್ಲೂ ಮುಖ್ಯ ಈಜುಕೊಳಗಳು ಮತ್ತು ಉಪಾಹಾರ ಗೃಹ 11ನೇ ಡೆಕ್‌ನಲ್ಲೂ ಇವೆ. ಪುಟ್ಟ ಮಕ್ಕಳನ್ನು ದಿನಕ್ಕೆ ಹಲವು ಬಾರಿ ಕ್ಲಬ್ಬಿಗೆ ಕರೆದೊಯ್ಯುವವರಿಗೆ 5ನೇ ಡೆಕ್ ಸಮೀಪ. ಕೊಳದಲ್ಲೇ ಹೊತ್ತು ಕಳೆಯುವವರಿಗೆ ಮೇಲಿನ ಡೆಕ್‌ಗಳು ಸಮೀಪವಾದರೂ ಕೊಳದ ನೇರ ಕೆಳಗಿನ 10ನೇ ಡೆಕ್‌ನಲ್ಲಿ ಸದ್ದಿನ ಸಂಭವವಿದೆ. ಈ ಹಡಗಿನ ಒಳಕ್ಯಾಬಿನ್‌ಗಳಲ್ಲಿ ಕಿಟಕಿಯಾಕಾರದ ಪರದೆಯಿದ್ದು, ಹೊರಗಿನ ಕ್ಯಾಮೆರಾಗಳು ಸೆರೆಹಿಡಿದ ಕಡಲಿನ ದೃಶ್ಯವನ್ನು ಅದು ತೋರಿಸುತ್ತದೆ. ಬಹುತೇಕ ಕ್ಯಾಬಿನ್‌ಗಳಲ್ಲಿ ಸ್ನಾನದ ಮನೆ ಮತ್ತು ಶೌಚಾಲಯ ಪ್ರತ್ಯೇಕವಾಗಿವೆ.

2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದ ಸೀಸ್ ಹಡಗಿನಲ್ಲಿ ಪುಟ್ಟ ಮಕ್ಕಳ ಕುಟುಂಬಗಳಿಗೆಂದೇ ಸರ್ಫ್‌ಸೈಡ್ ಎಂಬ ಭಾಗವಿದೆ. ಆಟದ ಕೊಳ, ತಿಂಡಿ ಮಳಿಗೆ ಮತ್ತು ಕೆಲವು ಕ್ಯಾಬಿನ್‌ಗಳು ಅಲ್ಲಿ ಒಂದರ ಬಳಿ ಒಂದಿವೆ.

ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್‌ಗಳು ಅಜ್ಜ ಅಜ್ಜಿಯರನ್ನೂ ಒಳಗೊಂಡ ಕುಟುಂಬಗಳಿಗೆ ಉಪಯುಕ್ತ. ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಎರಡು ಕ್ಯಾಬಿನ್‌ಗಳ ನಡುವೆ ಬಾಗಿಲಿರುತ್ತದೆ ಎಂದಲ್ಲ. ಜೋಡಿ ಬಾಗಿಲನ್ನು ನಕ್ಷೆಯಲ್ಲಿ ವಿಶೇಷ ಚಿಹ್ನೆಯಿಂದ ತೋರಿಸಿರುತ್ತಾರೆ. ಅಪರಿಚಿತರ ಕ್ಯಾಬಿನ್ನಿಗೆ ಬಾಗಿಲಿದ್ದರೆ ಅದನ್ನು ಬೀಗ ಹಾಕಿಟ್ಟಿದ್ದರೂ ಸದ್ದು ದಾಟಿ ಬರುತ್ತದೆ.

ಸುರಕ್ಷತೆ

ಟೈಟಾನಿಕ್ ದುರಂತದ ಫಲವಾಗಿ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ ಮಗುಚಿದಾಗ 32 ಜನ ಮೃತರಾದರು. ಅಂದೇ ಹಡಗನ್ನೇರಿದ್ದ ನೂರಾರು ಜನರಿಗೆ ತುರ್ತು ತಾಲೀಮು ನಡೆದಿರಲಿಲ್ಲ. ಪ್ರಯಾಣಿಕರು ಹತ್ತಿದ 24 ಗಂಟೆಗಳೊಳಗೆ ತಾಲೀಮು ನಡೆಸಿದರೆ ಸಾಕೆಂಬ ಹಿಂದಿನ ನಿಯಮವನ್ನು ಬದಲಿಸಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಸಬೇಕೆಂಬ ನಿಯಮವು 2015ರ ಜನವರಿ 1ರಿಂದ ಜಾರಿಗೆ ಬಂದಿತು.

ಪ್ರತಿ ಕ್ಯಾಬಿನ್ನಿಗೂ ಒಂದು ಸೇರುತಾಣವನ್ನು ಗೊತ್ತುಪಡಿಸಲಾಗಿರುತ್ತದೆ. ಅದರ ಗುರುತು ಕ್ಯಾಬಿನ್ ಬಾಗಿಲಿನ ಹಿಂಬದಿಯಲ್ಲಿ ಅಥವಾ ಪ್ರಯಾಣಿಕರ ಕಾರ್ಡಿನಲ್ಲಿ ಇರುತ್ತದೆ. ತುರ್ತು ಸಮಯದಲ್ಲಿ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ ವೃದ್ಧರು ಮತ್ತು ಎಳೆಯ ಮಕ್ಕಳಿರುವ ಕುಟುಂಬಗಳು ಕ್ಯಾಬಿನ್ನಿನಿಂದ ಸೇರುತಾಣದವರೆಗೆ ಮೆಟ್ಟಿಲ ದಾರಿಯನ್ನು ಮೊದಲ ದಿನವೇ ನಡೆದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸವೆನಿಸಿದೆ. ಮಕ್ಕಳು ಕ್ಲಬ್ಬಿನಲ್ಲಿರುವಾಗ ಎಚ್ಚರಿಕೆಯ ಗಂಟೆ ಮೊಳಗಿದರೆ ಅವರನ್ನು ಯಾರು, ಎಲ್ಲಿಗೆ ಕರೆತರುತ್ತಾರೆ ಎಂಬುದನ್ನೂ ಮೊದಲೇ ತಿಳಿದಿರಬೇಕಾಗುತ್ತದೆ. ಒಂದು ತಾಣಕ್ಕೆ ಸೇರಬಹುದಾದವರ ಸಂಖ್ಯೆಗೆ ಮಿತಿಯಿರುವುದರಿಂದ, ಮೂರನೆಯ ಅಥವಾ ನಾಲ್ಕನೆಯ ಹಾಸಿಗೆ ಖಾಲಿಯಿದ್ದರೂ ಕೆಲವೊಮ್ಮೆ ಅದನ್ನು ಕೊಡುವುದಿಲ್ಲ.

ಬಾಲ್ಕನಿಯಿರುವ ಕ್ಯಾಬಿನ್‌ಗಳಲ್ಲಿ ಮಕ್ಕಳು ಕುರ್ಚಿ ಹತ್ತಿ ಕಂಬಿಯಾಚೆ ಬಾಗುವ ಅಪಾಯವಿದೆ. ಅಮೆರಿಕದ 2010ರ ಕಾನೂನು ಹಡಗಿನ ಕಂಬಿಗಳು ಕನಿಷ್ಠ 42 ಅಂಗುಲ ಎತ್ತರವಿರಬೇಕೆಂದು ವಿಧಿಸಿದೆ. ಕಂಬಿಯ ಬಳಿ ಕುರ್ಚಿಯಿದ್ದರೆ ಈ ಎತ್ತರವು ಮಗುವಿಗೆ ರಕ್ಷಣೆಯಾಗದು.

ಭಾರತದಲ್ಲಿ

ಭಾರತದಿಂದ ಹೊರಡುವ ವಿಹಾರ ನೌಕೆಗಳಲ್ಲಿ ಕಾರ್ಡೀಲಿಯಾ ಕ್ರೂಸಸ್ ಸಂಸ್ಥೆಯ ಎಂಪ್ರೆಸ್ ಪ್ರಮುಖವಾದುದು. 1990ರಲ್ಲಿ ಫ್ರಾನ್ಸಿನಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ನಿರ್ಮಾಣವಾದ ಈ ಹಡಗು 2021ರಿಂದ ಇಲ್ಲಿ ಸೇವೆಯಲ್ಲಿದ್ದು, ಮುಂಬಯಿ, ಗೋವಾ, ಲಕ್ಷದ್ವೀಪ, ಕೊಚ್ಚಿ ಮುಂತಾದೆಡೆ ಸಂಚರಿಸಿದೆ. ಬಾಲ್ಕನಿಗಳು ವ್ಯಾಪಕವಾಗುವ ಮೊದಲಿನ ವಿನ್ಯಾಸವಾದ್ದರಿಂದ ಇದರಲ್ಲಿ ಒಳಕ್ಯಾಬಿನ್‌ಗಳು ಮತ್ತು ಸಮುದ್ರನೋಟದ ಕ್ಯಾಬಿನ್‌ಗಳೇ ಹೆಚ್ಚು. ಸುಮಾರು 211 ಮೀಟರ್ ಉದ್ದದ ಈ ಹಡಗು ಡಿಸ್ನಿ ಡ್ರೀಮ್ ಮತ್ತು ಐಕಾನ್ ಆಫ್ ದ ಸೀಸ್ ಹಡಗುಗಳಿಗಿಂತ ಚಿಕ್ಕದು; ಚಿಕ್ಕ ಹಡಗಿನಲ್ಲಿ ಅಲೆಗಳ ಪರಿಣಾಮ ಹೆಚ್ಚು ಅನುಭವಕ್ಕೆ ಬರುವುದರಿಂದ ನಡುಭಾಗದ ಆಯ್ಕೆಗೆ ಇಲ್ಲಿ ಹೆಚ್ಚು ಅರ್ಥವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ಅರಬ್ಬೀ ಸಮುದ್ರವು ಪ್ರಕ್ಷುಬ್ಧವಾಗಿರುತ್ತದೆ.

ಮುಂಬಯಿಯಿಂದ ದಕ್ಷಿಣಕ್ಕೆ ಸಾಗುವಾಗ ಕರಾವಳಿಯು ಎಡಬದಿಗೂ ಸೂರ್ಯಾಸ್ತವು ಬಲಬದಿಗೂ ಇರುತ್ತದೆ. ಮರಳುವಾಗ ಇದು ತಿರುವುಮುರುವಾಗುತ್ತದೆ. ಕರ್ನಾಟಕದ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ನಂತರದ ತಿಂಗಳುಗಳಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ.

ಇವನ್ನೂ ನೋಡಿ

ಟೈಟಾನಿಕ್
ಕೋಸ್ಟಾ ಕಾಂಕಾರ್ಡಿಯಾ
ನವಮಂಗಳೂರು ಬಂದರು
ಅರಬ್ಬೀ ಸಮುದ್ರ