‘ನೀವು ಯಾರು?’: ಯುನಿಕ್ಸ್‌ನ ಒಂದು ಪ್ರಶ್ನೆಯ ಚರಿತ್ರೆ

ಆಸ್ಟ್ರೇಲಿಯದ ಲಿನಕ್ಸ್ ಬಳಗದ ವಾರ್ಷಿಕ ಸಮ್ಮೇಳನ 2002ರಲ್ಲಿ ಬ್ರಿಸ್ಬೇನ್, 2003ರಲ್ಲಿ ಪರ್ತ್, 2004ರಲ್ಲಿ ಅಡಿಲೇಡ್ ನಗರದಲ್ಲಿ ನಡೆಯಿತು. ಲಿನಕ್ಸ್, ಸೊಲಾರಿಸ್, ಎಐಎಕ್ಸ್‌ಗಳನ್ನು ಒಂದೇ ಕಚೇರಿಯಲ್ಲಿ ಸಂಭಾಳಿಸಬೇಕಾಗಿದ್ದ ಕಾಲವದು. ನಮ್ಮ ಸದಸ್ಯರಲ್ಲಿ ಹಲವರಿಗೆ ಅನ್ನ ನೀಡಿದ ಈ ವಿದ್ಯೆಯ ಒಂದು ಸಣ್ಣ ಸಮಸ್ಯೆಯನ್ನು ಇಲ್ಲಿ ಪರಿಶೀಲಿಸೋಣ.

ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಆಸ್ಟ್ರೇಲಿಯದಲ್ಲಿ ಅದರ ಅಧ್ಯಯನಕ್ಕೆ ಭದ್ರ ಬುನಾದಿ ಹಾಕಿದವರು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್; 1970ರ ದಶಕದಲ್ಲಿ ಅವರು ಆರನೆಯ ಆವೃತ್ತಿಗೆ ಬರೆದ ವ್ಯಾಖ್ಯಾನ ಜಗತ್ಪ್ರಸಿದ್ಧ. ಯುನಿಕ್ಸ್ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ ಕೊಡುತ್ತದೆ. ಸೊನ್ನೆ ಯಾರದೋ ಅವನೇ ಯಜಮಾನ. ಅವನ ವಾಡಿಕೆಯ ಹೆಸರು ‘ರೂಟ್’. ಆದರೆ ಫ್ರೀಬಿಎಸ್‌ಡಿಯಲ್ಲಿ ‘ಟೂರ್’ ಎಂಬ ಇನ್ನೊಂದು ಹೆಸರಿಗೂ ಅದೇ ಸೊನ್ನೆಯಿದೆ. ಇನಿಷಿಯಲ್ ಹೊತ್ತು ಈ ದೇಶಕ್ಕೆ ಬಂದ ನಮಗೆ ಇದು ಬೇಗ ಅರ್ಥವಾದೀತು: ಹೆಸರು ಅರ್ಜಿಯಿಂದ ಅರ್ಜಿಗೆ ಬದಲಾದರೂ ಪಾಸ್‌ಪೋರ್ಟ್ ಸಂಖ್ಯೆ ಒಂದೇ.

ಶೆಲ್ ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಪಟ್ಟಿ. ‘ಯಜಮಾನನಲ್ಲದಿದ್ದರೆ ನಿಲ್ಲು’ ಎಂಬುದು ಅದರ ಮೊದಲ ಸಾಲುಗಳಲ್ಲೊಂದು. ಸಂಖ್ಯೆ ಕೇಳಲು ‘ಐಡಿ’ ಆದೇಶಕ್ಕೆ ‘-ಯು’ ಸೇರಿಸುವ ಕ್ರಮವನ್ನು 1992ರ ಪೋಸಿಕ್ಸ್ ಮಾನಕ ನಿಗದಿಪಡಿಸಿತು. ಆದರೆ ಸೊಲಾರಿಸ್‌ನ ಹಳೆಯ ಆವೃತ್ತಿಗಳು ತಮ್ಮ ಹಿಂದಿನ ‘ಐಡಿ’ಯನ್ನೇ ಎಂದಿನ ಜಾಗದಲ್ಲಿ ಉಳಿಸಿಕೊಂಡು, ಹೊಸದನ್ನು ಬೇರೊಂದು ಕಡತಕೋಶದಲ್ಲಿ ಇಟ್ಟವು. ಹಳೆಯದಕ್ಕೆ ‘-ಯು’ ಗೊತ್ತಿಲ್ಲ. ದೋಷ ಸಾರಿ, ಖಾಲಿ ಉತ್ತರ ಕೊಡುತ್ತದೆ.

ಅಪಾಯ ಇರುವುದು ಇಲ್ಲಿಯೇ. ‘ಉತ್ತರ ಸೊನ್ನೆಗೆ ಸಮವಲ್ಲದಿದ್ದರೆ ನಿಲ್ಲು’ ಎಂದು ಬರೆದಿದ್ದರೆ, ಖಾಲಿ ಉತ್ತರದಿಂದ ಹೋಲಿಕೆಯೇ ಕೆಡುತ್ತದೆ. ‘ನಿಲ್ಲು’ ಜಾರಿಯಾಗದೆ ಸ್ಕ್ರಿಪ್ಟ್ ಮುಂದೆ ಓಡುತ್ತದೆ. ಕಾವಲುಗಾರನಿಗೆ ಭಾಷೆ ತಿಳಿಯದೆ ಬಾಗಿಲು ತೆರೆದಂತಾಯಿತು. ಲಿನಕ್ಸ್ ಬಳಸುವವರೂ ಇದರಿಂದ ಪಾರಾಗಲಿಲ್ಲ. ಬ್ಯಾಶ್ ತಾನಾಗಿ ಒದಗಿಸುವ ‘ಇಯುಐಡಿ’ ಡ್ಯಾಶ್‌ನಲ್ಲಿಲ್ಲ. ಉಬುಂಟು 2006ರಲ್ಲಿ ಡ್ಯಾಶನ್ನೇ ಮೂಲ ಶೆಲ್ ಮಾಡಿಕೊಂಡಾಗ ಅದೇ ಖಾಲಿ ಉತ್ತರ ಮರಳಿತು.

ಪರಿಹಾರ ಸರಳ. ಯಾವ ಚಿಹ್ನೆಯನ್ನೂ ಸೇರಿಸದೆ ‘ಐಡಿ’ ಎಂದಷ್ಟೇ ಕೇಳಿದರೆ ಹಳೆಯದೂ ಹೊಸದೂ ‘ಯುಐಡಿ=0(ರೂಟ್)’ ಎಂಬ ಮಾದರಿಯಲ್ಲೇ ಉತ್ತರಿಸುತ್ತವೆ. ಸಮಚಿಹ್ನೆಗೂ ಆವರಣಕ್ಕೂ ನಡುವಿನ ಅಂಕಿಯನ್ನು ‘ಸೆಡ್’ ಆದೇಶದಿಂದ ಬಿಡಿಸಿಕೊಂಡರಾಯಿತು. ಜೊತೆಗೆ ಪ್ರಶ್ನೆಯನ್ನೂ ತಿರುಗಿಸಬೇಕು: ‘ಉತ್ತರ ಸೊನ್ನೆಯೇ ಆಗಿದ್ದರೆ ಮಾತ್ರ ಮುಂದುವರಿ.’ ಆಗ ಉತ್ತರ ಬಾರದಿದ್ದರೂ ಬಾಗಿಲು ಮುಚ್ಚಿಯೇ ಇರುತ್ತದೆ.

ಈ ವೃತ್ತಿಗೆ ಕಾಲಿಡುತ್ತಿರುವ ನಮ್ಮ ಮಕ್ಕಳು ನೆನಪಿಡಬೇಕಾದದ್ದು ಇಷ್ಟೇ: ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಕಾವಲು, ಕಾವಲೇ ಅಲ್ಲ.