ಬಂದ ಹುಡುಗ, ಬಂದ ಹುಡುಗರು: ಬಾಗಲೂರಿನ ಮೂರು ನುಡಿಗಳು ಮತ್ತು ಇಂಗ್ಲಿಷ್ ಸಂಬಂಧವಾಕ್ಯದ ಕ್ರಿಯಾಪದ

ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿರುವ ಬಾಗಲೂರು (ಬೆಂಗಳೂರಿನ ಉತ್ತರಕ್ಕಿರುವ ಅದೇ ಹೆಸರಿನ ಊರಲ್ಲ) ಆಡಳಿತದ ಗೆರೆಗಳು ಮೇಲಿಂದ ಮೇಲೆ ಬದಲಾದ ಸೀಮೆಗೆ ಸೇರಿದ್ದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಸೀಮೆ ಕಂಪನಿಯ ಕೈಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಹೋಯಿತು. ಗೆರೆ ಎಲ್ಲಿಗೆ ಸರಿದರೂ ಕನ್ನಡ, ತೆಲುಗು, ತಮಿಳು ಇಲ್ಲಿ ಒಂದೇ ಬೀದಿಯಲ್ಲಿ ಉಳಿದವು. ಇಂಥ ಊರಿನ ಮಕ್ಕಳು ಇಂಗ್ಲಿಷ್ ಬರೆಯುವಾಗ ‘ದ ಬಾಯ್ಸ್ ಹೂ ಕಮ್ಸ್’ ಎಂದು ಬರೆದರೆ ಅದನ್ನು ಅಜಾಗ್ರತೆಯೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ವಾಡಿಕೆ. ಆ ತಪ್ಪಿಗೆ ಕಾರಣ ಬೇರೆ ಇದೆ, ಅದು ವ್ಯಾಕರಣದ ಚರಿತ್ರೆಯಲ್ಲಿದೆ ಎಂಬುದು ಈ ಲೇಖನದ ವಾದ.

ವಾಕ್ಯದ ಕೊನೆಯ ಕ್ರಿಯಾಪದದಲ್ಲಿ ಈ ಮೂರು ನುಡಿಗಳೂ ಲಿಂಗ, ವಚನ, ಪುರುಷಗಳನ್ನು ತೋರಿಸುತ್ತವೆ, ಆದರೆ ಬೇರೆ ಬೇರೆ ಬಗೆಯಲ್ಲಿ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು. ತಮಿಳಿನಲ್ಲಿ ವಂದಾನ್, ವಂದಾಳ್, ವಂದದು. ತೆಲುಗಿನಲ್ಲಿ ಗಂಡಸಿಗೆ ವಚ್ಚಾಡು, ಹೆಂಗಸಿಗೂ ಹಸುವಿಗೂ ಒಂದೇ ವಚ್ಚಿಂದಿ. ಆದರೆ ಅದೇ ಕ್ರಿಯೆ ನಾಮಪದದ ಮುಂದೆ ಬಂದು ನಿಂತಾಗ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಬಂದ ಹುಡುಗ, ಬಂದ ಹುಡುಗಿ, ಬಂದ ಹುಡುಗರು. ವಂದ ಪೈಯನ್, ವಂದ ಪಸಂಗ. ವಚ್ಚಿನ ಪಿಲ್ಲವಾಡು, ವಚ್ಚಿನ ಪಿಲ್ಲಲು. ಉಳಿಯುವುದು ಕಾಲ ಮಾತ್ರ, ಇಲ್ಲವೇ ‘ಬಾರದ’ ಎಂಬಲ್ಲಿರುವಂತೆ ನಿಷೇಧ. ಎಷ್ಟು ಜನ, ಯಾರು ಎಂಬುದು ಮುಂದಿನ ನಾಮಪದಕ್ಕೆ ಬಿಟ್ಟ ಮಾತು. ಮೂರೂ ನುಡಿ ಬಲ್ಲ ಮಗುವಿಗೆ ಮೂರು ಕಡೆಯಿಂದಲೂ ಸಿಗುವ ಪಾಠ ಇದೊಂದೇ.

ನಮ್ಮ ವ್ಯಾಕರಣಕಾರರು ‘ಬಂದ’ ಎಂಬಂಥ ರೂಪವನ್ನು ಎಲ್ಲಿಟ್ಟರು ಎಂಬುದು ಕುತೂಹಲದ ಸಂಗತಿ. ತಮಿಳು ವ್ಯಾಕರಣ ಪೆಯರೆಚ್ಚಂ ಎಂದು ಕರೆಯುವ ಇಂಥ ರೂಪವನ್ನು ಹಳೆಯ ತಮಿಳು ವ್ಯಾಕರಣಗ್ರಂಥವಾದ ತೊಲ್ಕಾಪ್ಪಿಯಂ ಕ್ರಿಯಾಪ್ರಕರಣದಲ್ಲೇ ಇರಿಸಿತು. ತಮಿಳು ಸಂಪ್ರದಾಯಕ್ಕೆ ಅದು ನಾಮಪದವನ್ನು ಬೇಡುವ ಅಪೂರ್ಣ ಕ್ರಿಯೆ. ಕನ್ನಡದ ದಾರಿ ಬೇರೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕೃತ್ತುಗಳಿಂದಾದವನ್ನು ಕೃಲ್ಲಿಂಗವೆಂದು ನಾಮಪ್ರಕೃತಿಗಳ ಸಾಲಿಗೆ ಸೇರಿಸಿದ. ಇಂದಿನ ಶಾಲಾ ವ್ಯಾಕರಣವೂ ‘ಮಾಡುವ, ಮಾಡಿದ, ಮಾಡದ’ ಎಂಬವನ್ನು ಕೃದಂತನಾಮ ಎಂದೇ ಕಲಿಸುತ್ತದೆ. ನನ್ನ ದೃಷ್ಟಿಯಲ್ಲಿ ಎರಡೂ ಸರಿಯೇ: ಕರ್ಮವನ್ನೂ ಕಾಲವನ್ನೂ ಹಿಡಿದಿರುವುದರಿಂದ ಅದು ಕ್ರಿಯೆ, ಪುರುಷಪ್ರತ್ಯಯವನ್ನು ಕೈಬಿಟ್ಟದ್ದರಿಂದ ನಾಮದ ನೆಂಟ.

1816ರಲ್ಲಿ ಕ್ಯಾಂಬೆಲ್‌ನ ತೆಲುಗು ವ್ಯಾಕರಣದ ಪೀಠಿಕೆಗೆ ಬರೆದ ಟಿಪ್ಪಣಿಯಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ ಈ ನುಡಿಗಳ ನಂಟನ್ನು ಧಾತು, ಪದ, ವಾಕ್ಯರೀತಿ ಮೂರರಲ್ಲೂ ತೋರಿಸಿದ. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ನುಡಿಗಳಲ್ಲಿ ಸಂಬಂಧ ಸರ್ವನಾಮವಿಲ್ಲ, ಆ ಕೆಲಸವನ್ನು ಈ ಕೃದಂತವೇ ಮಾಡುತ್ತದೆ ಎಂದು ವಿವರಿಸಿದ. ಇಂಗ್ಲಿಷಿನಲ್ಲಿರುವುದು ಇಲ್ಲಿಲ್ಲ ಎಂದು ಪಟ್ಟಿಮಾಡುವುದು ಆ ಕಾಲದ ರೀತಿ. ಇಲ್ಲಿಯ ಮಗು ಇಂಗ್ಲಿಷ್ ಕಲಿಯುವಾಗ ಏನಾಗುತ್ತದೆ ಎಂಬುದು ಆ ವಿದ್ವಾಂಸರ ವಿಷಯವಾಗಿರಲಿಲ್ಲ.

ಇಂಗ್ಲಿಷಿನ ಸ್ಥಿತಿಯೂ ಅಷ್ಟು ನಿಚ್ಚಳವಲ್ಲ. ‘ಹೂ’, ‘ವಿಚ್’, ‘ದ್ಯಾಟ್’ ಯಾವುದಕ್ಕೂ ವಚನವಿಲ್ಲ. ಅವುಗಳ ನಂತರದ ಕ್ರಿಯಾಪದ ಅವನ್ನು ದಾಟಿ, ಹಿಂದಿರುವ ನಾಮಪದದಿಂದ ವಚನ, ಪುರುಷಗಳನ್ನು ತಂದುಕೊಳ್ಳಬೇಕು. ಹಳೆಯ ಕ್ರಿಯಾಪ್ರತ್ಯಯಗಳು ಸವೆದ ಮೇಲೆ ಬಹುಪಾಲು ಕ್ರಿಯಾಪದಗಳಲ್ಲಿ ಉಳಿದದ್ದು ವರ್ತಮಾನಕಾಲದ ಒಂದು ‘ಎಸ್’ ಮಾತ್ರ. ಸಂಬಂಧ ಸರ್ವನಾಮ ತನ್ನ ಪೂರ್ವಪದದ ವಚನ, ಪುರುಷಗಳನ್ನೇ ಹಿಡಿಯಬೇಕು, ಕ್ರಿಯಾಪದ ಅದಕ್ಕೆ ಹೊಂದಬೇಕು ಎಂದು 1795ರಲ್ಲಿ ಲಿಂಡ್ಲಿ ಮರ್ರೆ ವಿಧಿಸಿದ. ಆ ನಿಯಮ ರೆನ್ ಮತ್ತು ಮಾರ್ಟಿನ್ ಪುಸ್ತಕದ ಮೂಲಕ ನಮ್ಮ ಶಾಲೆಗಳಿಗೂ ಬಂತು. ಆದರೆ ಷೇಕ್ಸ್‌ಪಿಯರನ ವ್ಯಾಕರಣವನ್ನು 1869ರಲ್ಲಿ ಬರೆದ ಇ. ಎ. ಅಬಟ್, ಪೂರ್ವಪದ ಬಹುವಚನದಲ್ಲಿದ್ದರೂ ಸಂಬಂಧ ಸರ್ವನಾಮದ ನಂತರ ಏಕವಚನದ ಕ್ರಿಯಾಪದ ಬರುವುದನ್ನು ಪ್ರತ್ಯೇಕವಾಗಿಯೇ ದಾಖಲಿಸಿದ್ದಾನೆ. ನಮ್ಮ ಮಕ್ಕಳ ಬರಹದಲ್ಲಿ ಅಜ್ಞಾನವೆನಿಸಿಕೊಳ್ಳುವುದು ಇಂಗ್ಲಿಷಿನ ದೊಡ್ಡ ನಾಟಕಕಾರನ ಪುಟಗಳಲ್ಲೂ ಇದೆ. ಇದನ್ನು ಪ್ರತಿಯೊಬ್ಬ ಇಂಗ್ಲಿಷ್ ಅಧ್ಯಾಪಕರೂ ತಿಳಿದಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಹಾಗಾದರೆ ಸಂಬಂಧವಾಕ್ಯದ ಕ್ರಿಯಾಪದದಲ್ಲಿ ವಚನ ತೋರಿಸಲು ಕನ್ನಡದ ಮಗುವಿಗೆ ತನ್ನ ನುಡಿಯಲ್ಲಿ ಆಧಾರವೇ ಇಲ್ಲವೆ? ಇದೆ. ‘ಯಾರು ಬರುತ್ತಾರೋ ಅವರು’, ‘ಯಾವನು ಬರುತ್ತಾನೋ ಅವನು’ ಎಂಬ ಜೋಡಿವಾಕ್ಯದಲ್ಲಿ ಒಳಗಿನ ಕ್ರಿಯಾಪದ ಪೂರ್ಣ ಆಖ್ಯಾತ. ಲಿಂಗ, ವಚನ, ಪುರುಷ ಮೂರೂ ಅಲ್ಲಿವೆ. ಇದನ್ನು ಸಂಸ್ಕೃತದ ಅನುಕರಣೆ ಎನ್ನುವವರಿದ್ದಾರೆ. ಆದರೆ ಸಂಸ್ಕೃತ ಇದಕ್ಕೆ ಪ್ರಶ್ನಾರ್ಥಕದಿಂದ ಬೇರೆಯಾದ ‘ಯಃ’ ಎಂಬ ಸರ್ವನಾಮವನ್ನು ಬಳಸುತ್ತದೆ. ಕನ್ನಡ ತನ್ನ ಪ್ರಶ್ನಾರ್ಥಕವನ್ನೇ ಬಳಸಿ ಕೊನೆಗೆ ‘ಓ’ ಸೇರಿಸುತ್ತದೆ. ತಮಿಳು, ತೆಲುಗುಗಳಲ್ಲೂ ಹೀಗೆಯೇ. ಪ್ರೇರಣೆ ಎಲ್ಲಿಂದ ಬಂದಿರಲಿ, ಕಟ್ಟಿದ ಸಾಮಗ್ರಿ ಮನೆಯದು.

ತರಗತಿಯಲ್ಲಿ ‘ಹೂ’ ಬಂದಾಗ ‘ಬಂದ ಹುಡುಗರು’ ಎಂದು ಅನುವಾದಿಸಿ ಮುಂದೆ ಹೋದರೆ ವಚನದ ಪ್ರಶ್ನೆ ಮಗುವಿನ ಕಣ್ಣಿಗೇ ಬೀಳುವುದಿಲ್ಲ. ಜೋಡಿವಾಕ್ಯದಲ್ಲಿ ಹೇಳಿಸಿದರೆ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷ್ ಬಲ್ಲವರೇ ಇಂದಿಗೂ ಜಗಳವಾಡುವ ‘ಒನ್ ಆಫ್ ದ ಬಾಯ್ಸ್ ಹೂ ಹ್ಯಾವ್ ಕಮ್’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ‘ಹ್ಯಾವ್’ ಸರಿಯೋ ‘ಹ್ಯಾಸ್’ ಸರಿಯೋ? ‘ಬಂದ ಹುಡುಗರಲ್ಲಿ ಒಬ್ಬ’ ಎಂಬ ಕನ್ನಡ ಇದಕ್ಕೆ ಉತ್ತರ ಕೊಡದು. ‘ಯಾವ ಹುಡುಗರು ಬಂದಿದ್ದಾರೋ ಅವರಲ್ಲಿ ಒಬ್ಬ’ ಎಂದು ನೋಡಿ: ಬಂದವರು ಹಲವರು, ಒಬ್ಬ ಅವರೊಳಗಿನವನು. ‘ಬಂದಿದ್ದಾರೋ’ ಎಂಬಲ್ಲಿ ಏಕವಚನ ಹಾಕಲು ಬಾಗಲೂರಿನ ಯಾವ ಮಗುವಿಗೂ ನಾಲಿಗೆ ಹೊರಳುವುದಿಲ್ಲ.