ಫೋಟೊವನ್ನು ಕಾರ್ಟೂನ್ ಮಾಡಿದರೆ ಗುರುತು ಮರೆಯಾಗುತ್ತದೆಯೇ?

ಊರಿನಲ್ಲಿ ಏನಾದರೂ ಕೆಟ್ಟ ಘಟನೆ ನಡೆದಾಗ ವಾಟ್ಸಾಪ್ ಗುಂಪುಗಳಿಗೆ ಒಂದು ಬಗೆಯ ಸಂದೇಶ ಬರುವುದುಂಟು. ಅದರಲ್ಲಿ ನೊಂದ ಹುಡುಗಿಯ ಫೋಟೊ ಇರುತ್ತದೆ. ಆದರೆ ಇದ್ದದ್ದು ಇದ್ದಂತೆ ಅಲ್ಲ, ಯಾವುದೋ ಆ್ಯಪ್‌ನಲ್ಲಿ ಕಾರ್ಟೂನ್ ಮಾಡಿದ ಫೋಟೊ. ಕೆಳಗೆ ‘ಗುರುತು ಸಿಗಬಾರದೆಂದು ಚಿತ್ರ ಮಾಡಿದ್ದೇವೆ, ನ್ಯಾಯ ಸಿಗುವವರೆಗೂ ಶೇರ್ ಮಾಡಿ’ ಎಂಬಂಥ ಒಕ್ಕಣೆ. ಇದೇ ನಂಬಿಕೆಯ ಮೇಲೆ ತಮ್ಮ ಮಕ್ಕಳ ಫೋಟೊವನ್ನು ಕಾರ್ಟೂನ್ ಮಾಡಿ ಸ್ಟೇಟಸ್‌ಗೆ ಹಾಕುವವರೂ ಇದ್ದಾರೆ. ಹೀಗೆ ಮಾಡಿದರೆ ಮುಖ ಯಾರಿಗೂ ತಿಳಿಯುವುದಿಲ್ಲ ಎಂಬುದು ಇವರೆಲ್ಲರ ಲೆಕ್ಕಾಚಾರ.

ಈ ಲೆಕ್ಕಾಚಾರ ತಪ್ಪು. ಕಾರ್ಟೂನ್ ಫಿಲ್ಟರ್ ಹಾಕಿದ ಮುಖವನ್ನು ಪರಿಚಯವಿದ್ದವರು ಸುಲಭವಾಗಿ ಗುರುತಿಸುತ್ತಾರೆ. ಫೋಟೊಗಿಂತಲೂ ಬೇಗ ಗುರುತಿಸುತ್ತಾರೆ ಎಂದು ಪ್ರಯೋಗವೊಂದು ತೋರಿಸಿದೆ. ಅದು ಹೇಗೆಂದು ತಿಳಿಯಲು ಮೊದಲು ಫೋಟೊ ಕಾರ್ಟೂನ್ ಆಗುವ ಬಗೆಯನ್ನು ನೋಡೋಣ.

ತಂತ್ರಾಂಶ ಮಾಡುವುದೇನು?

ಗದಗಿನವರಿಗೆ ಇದನ್ನು ವಿವರಿಸುವುದು ಸುಲಭ. ‘ಮುದ್ರಣ ಕಾಶಿ’ ಎಂದು ಹೆಸರಾದ ಊರಿದು. ಹಿಂದೆ ಬಣ್ಣದ ಪೋಸ್ಟರ್ ಅಚ್ಚು ಹಾಕುವಾಗ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು ಬೇಕಾಗುತ್ತಿತ್ತು, ಕಾಗದವನ್ನು ಅಷ್ಟು ಸಲ ಯಂತ್ರಕ್ಕೆ ಕೊಡಬೇಕಾಗುತ್ತಿತ್ತು. ಬಣ್ಣ ಹೆಚ್ಚಿದಷ್ಟೂ ಖರ್ಚು. ಹಾಗಾಗಿ ಕೆನ್ನೆಯ ಮೇಲಿನ ನೂರಾರು ಛಾಯೆಗಳನ್ನು ಎರಡೋ ಮೂರೋ ಸಪಾಟು ಬಣ್ಣಗಳಿಗೆ ಇಳಿಸುತ್ತಿದ್ದರು. ಇಂದಿನ ಎಡಿಟಿಂಗ್ ತಂತ್ರಾಂಶಗಳಲ್ಲಿರುವ ‘ಪೋಸ್ಟರೈಸ್’ ಆಯ್ಕೆಗೆ ಹೆಸರು ಬಂದದ್ದು ಈ ಪೋಸ್ಟರ್‌ಗಳಿಂದಲೇ.

ಸಾಮಾನ್ಯ ಮೊಬೈಲ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ತಲಾ 256 ಮಟ್ಟಗಳಿರುತ್ತವೆ. ಮೂರನ್ನೂ ಗುಣಿಸಿದರೆ 1,67,77,216 ಬಣ್ಣಗಳು. ಪೋಸ್ಟರೈಸ್‌ನಲ್ಲಿ 4 ಎಂದು ಕೊಟ್ಟರೆ ತಲಾ 4 ಮಟ್ಟ ಮಾತ್ರ ಉಳಿಯುತ್ತದೆ, ಅಂದರೆ ಹೆಚ್ಚೆಂದರೆ 64 ಬಣ್ಣ. ಫೋಟೊ ‘ಚಿತ್ರದಂತೆ’ ಕಾಣಲು ಶುರುವಾಗುವುದು ಇಲ್ಲಿಂದ.

ಎರಡನೆಯ ಕೆಲಸ, ನುಣುಪು ಮಾಡುವುದು. ಸಾಮಾನ್ಯ ಬ್ಲರ್ ಹಾಕಿದರೆ ಎಲ್ಲವೂ ಮಸುಕಾಗಿ ಮೂಗು, ಕೆನ್ನೆ ಒಂದರೊಳಗೊಂದು ಕಲಸಿಹೋಗುತ್ತವೆ. 1998ರಲ್ಲಿ ಕಾರ್ಲೊ ಟೊಮಾಸಿ ಮತ್ತು ರಾಬರ್ಟೊ ಮಂಡೂಚಿ ಎಂಬ ಸಂಶೋಧಕರು ‘ಬೈಲ್ಯಾಟರಲ್ ಫಿಲ್ಟರ್’ ಎಂಬ ವಿಧಾನವನ್ನು ವಿವರಿಸಿದರು. ಅದು ಅಕ್ಕಪಕ್ಕದ ಚುಕ್ಕೆಗಳಲ್ಲಿ ಬಣ್ಣ ಹತ್ತಿರವಿರುವವನ್ನು ಮಾತ್ರ ಬೆರೆಸುತ್ತದೆ, ಬಣ್ಣ ಥಟ್ಟನೆ ಬದಲಾಗುವ ಅಂಚನ್ನು ಮುಟ್ಟುವುದಿಲ್ಲ. ಚರ್ಮದ ಸಣ್ಣ ಕಲೆ, ಬೆವರಿನ ಹೊಳಪು ಹೋಗುತ್ತವೆ. ಹುಬ್ಬಿನ ಗೆರೆ, ಮೂಗಿನ ಅಂಚು, ತುಟಿಯ ಆಕಾರ ಹಾಗೇ ಉಳಿಯುತ್ತವೆ.

ಮೂರನೆಯದು ಕಪ್ಪು ಗೆರೆ. ಉಚಿತವಾಗಿ ಸಿಗುವ ‘ಗಿಂಪ್’ ತಂತ್ರಾಂಶದ ಕಾರ್ಟೂನ್ ಫಿಲ್ಟರ್ ಪ್ರತಿ ಚುಕ್ಕೆಯನ್ನೂ ಅದರ ಸುತ್ತಲಿನ ಭಾಗದೊಂದಿಗೆ ಹೋಲಿಸುತ್ತದೆ. ಸುತ್ತಲಿಗಿಂತ ಎದ್ದು ಕಾಣುವಷ್ಟು ಕಪ್ಪಗಿದ್ದರೆ ಅದನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಸ್ಕೆಚ್ ಪೆನ್ನಿನಿಂದ ತಿದ್ದಿದಂತೆ ಕಾಣುತ್ತದೆ, ಅಷ್ಟೇ.

ಕಂಪ್ಯೂಟರ್ ಇದ್ದವರು ಇದನ್ನು ಮಾಡಿ ನೋಡಬಹುದು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಒಂದು ಫೋಟೊ, ಮನೆಯವರ ಮುಖದ ಒಂದು ಫೋಟೊ ತೆಗೆದುಕೊಳ್ಳಿ. ಗಿಂಪ್‌ನ ‘ಫಿಲ್ಟರ್ಸ್’ ಪಟ್ಟಿಯಲ್ಲಿ ‘ಬ್ಲರ್’ ಒಳಗೆ ‘ಸೆಲೆಕ್ಟಿವ್ ಗಾಸಿಯನ್ ಬ್ಲರ್’ ಇದೆ, ಮೊದಲು ಅದನ್ನು ಕೊಡಿ. ನಂತರ ಅದೇ ‘ಫಿಲ್ಟರ್ಸ್’ ಪಟ್ಟಿಯ ‘ಆರ್ಟಿಸ್ಟಿಕ್’ ಒಳಗಿನ ‘ಕಾರ್ಟೂನ್’. ಕೊನೆಗೆ ‘ಕಲರ್ಸ್’ ಪಟ್ಟಿಯ ‘ಪೋಸ್ಟರೈಸ್’ನಲ್ಲಿ 6ರಿಂದ 8. ಗುಡಿಯ ಗೋಡೆಯಲ್ಲಿ ಬೆರಳಗಲದ ಜಾಗಕ್ಕೂ ಕೆತ್ತನೆ ಇರುವುದರಿಂದ ಪ್ರತಿ ತಗ್ಗೂ ಕಪ್ಪು ಗೆರೆಯಾಗಿ ಚಿತ್ರ ಗಿಜಿಗುಡುತ್ತದೆ. ‘ಪರ್ಸೆಂಟ್ ಬ್ಲ್ಯಾಕ್’ ಕಡಿಮೆ ಮಾಡಿದರೆ ಸ್ವಲ್ಪ ಹತೋಟಿಗೆ ಬರುತ್ತದೆ. ಮುಖದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕಪ್ಪಾಗುವುದು ಕಣ್ಣು, ಹುಬ್ಬು, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ, ಕೂದಲಿನ ಅಂಚು. ನಾವು ಒಬ್ಬರನ್ನೊಬ್ಬರು ಗುರುತಿಸಲು ನೋಡುವುದೂ ಇವನ್ನೇ.

ಪ್ರಯೋಗಗಳು ಹೇಳುವುದೇನು?

2006ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೋಲ್ಗರ್ ವಿನ್ನೆಮೊಲರ್, ಸ್ವೆನ್ ಓಲ್ಸೆನ್, ಬ್ರೂಸ್ ಗೂಚ್ ಅವರು ವಿಡಿಯೊವನ್ನು ಆಗಿಂದಾಗಲೇ ಕಾರ್ಟೂನ್‌ನಂತೆ ಮಾಡುವ ವಿಧಾನವನ್ನು ಪ್ರಕಟಿಸಿದರು. ಮೇಲೆ ಹೇಳಿದ ಮೂರು ಕೆಲಸಗಳೇ ಅದರ ತಿರುಳು. ಜೊತೆಗೆ ಜನರಿಗೆ ಪರಿಚಿತರ ಮುಖಗಳನ್ನು ಫೋಟೊ ರೂಪದಲ್ಲೂ ಕಾರ್ಟೂನ್ ರೂಪದಲ್ಲೂ ತೋರಿಸಿ, ಹೆಸರು ಹೇಳಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆದರು. ಬೇಗ ಹೆಸರು ಹೇಳಿದ್ದು ಕಾರ್ಟೂನ್ ಮುಖಗಳಿಗೆ. ಬೇಡದ ವಿವರ ತೆಗೆದುಹಾಕಿ ಬೇಕಾದ್ದನ್ನು ಎತ್ತಿ ತೋರಿಸಿದ್ದರ ಫಲ ಅದು.

ಅದಕ್ಕೂ ಮೊದಲು, 1987ರಲ್ಲಿ, ಗಿಲಿಯನ್ ರೋಡ್ಸ್, ಸೂಸನ್ ಬ್ರೆನ್ನನ್, ಸೂಸನ್ ಕೇರಿ ಅವರು ರೇಖಾಚಿತ್ರಗಳ ಮೇಲೆ ಇಂಥದೇ ಪರೀಕ್ಷೆ ನಡೆಸಿದ್ದರು. ಮುಖದ ವಿಶೇಷವನ್ನು ಕಂಪ್ಯೂಟರಿನಿಂದ ಹಿಗ್ಗಿಸಿ ಬರೆದ ಚಿತ್ರಗಳನ್ನು ಜನ ಯಥಾವತ್ತಾದ ರೇಖಾಚಿತ್ರಗಳಿಗಿಂತ ಬೇಗ ಗುರುತಿಸಿದರು. ವ್ಯಂಗ್ಯಚಿತ್ರಕಾರರಿಗೆ ಇದು ಮೊದಲಿನಿಂದಲೂ ಗೊತ್ತಿದ್ದ ವಿಷಯ. ‘ಕೊರವಂಜಿ’ ಪತ್ರಿಕೆಯ ಕಾಲದಿಂದ ಚಿತ್ರ ಬರೆಯುತ್ತಿದ್ದ ನಮ್ಮ ಆರ್.ಕೆ. ಲಕ್ಷ್ಮಣ್ ನಾಲ್ಕೇ ಗೆರೆಯಲ್ಲಿ ನಾಯಕರೊಬ್ಬರನ್ನು ಮೂಡಿಸಿದರೆ ಕೆಳಗೆ ಹೆಸರು ಬರೆಯಬೇಕಾಗಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನೊಂದವರ ಗುರುತನ್ನು ನಾವು ಯಾರಿಂದ ಮುಚ್ಚಿಡಲು ಹೊರಟಿದ್ದೇವೆ? ಮುಂಡರಗಿಯ ಒಂದು ಓಣಿಯಲ್ಲಿರುವ ಹುಡುಗಿಯನ್ನು ಮೈಸೂರಿನವರು ಗುರುತಿಸಲಾರರು. ಅವಳಿಗೆ ಅದರಿಂದ ದೊಡ್ಡ ಉಪಯೋಗವಿಲ್ಲ. ಅವಳು ನಾಳೆ ಮುಖ ತೋರಿಸಬೇಕಾದದ್ದು ಅದೇ ಓಣಿಯವರಿಗೆ, ಅದೇ ಶಾಲೆಯವರಿಗೆ, ಬೀಗರಿಗೆ. ಅವರೆಲ್ಲ ಪರಿಚಿತರು, ಕಾರ್ಟೂನ್ ನೋಡಿ ಥಟ್ಟನೆ ಹೆಸರು ಹೇಳಬಲ್ಲವರು.

ಎಐ ಬರೆದುಕೊಡುವ ಚಿತ್ರದ ಕಥೆ ಬೇರೆ

ಇಲ್ಲಿಯವರೆಗೆ ಹೇಳಿದ್ದು ಫಿಲ್ಟರ್ ಬಗ್ಗೆ. ಈಗ ಹೆಚ್ಚು ಹರಿದಾಡುತ್ತಿರುವುದು ಎಐ ಚಿತ್ರಗಳು. 2015ರಲ್ಲಿ ಲಿಯಾನ್ ಗ್ಯಾಟಿಸ್ ಮತ್ತು ಸಂಗಡಿಗರು ಒಂದು ಫೋಟೊವನ್ನು ಬೇರೊಂದು ವರ್ಣಚಿತ್ರದ ಶೈಲಿಗೆ ತರುವ ವಿಧಾನವನ್ನು ತೋರಿಸಿದರು. ಮರುವರ್ಷವೇ ‘ಪ್ರಿಸ್ಮಾ’ ಆ್ಯಪ್ ಇಂಥ ಚಿತ್ರಗಳನ್ನು ಫೋನಿಗೆ ತಂದಿತು. 2025ರ ಮಾರ್ಚ್ 25ರಂದು ಚಾಟ್‌ಜಿಪಿಟಿಗೆ ಹೊಸ ಚಿತ್ರ ಸೌಲಭ್ಯ ಬಂದ ಕೆಲವೇ ದಿನಗಳಲ್ಲಿ ಮದುವೆಯ ಫೋಟೊ, ರಾಜಕಾರಣಿಯ ಫೋಟೊ ಎಲ್ಲವೂ ಜಪಾನಿನ ಸ್ಟುಡಿಯೊ ಘಿಬ್ಲಿಯ ಸಿನಿಮಾ ಪಾತ್ರಗಳಾದವು. 1985ರಲ್ಲಿ ಶುರುವಾದ ಆ ಸ್ಟುಡಿಯೊ ಕೈಯಿಂದ ಬರೆದ ಚಿತ್ರಗಳಿಗೆ ಹೆಸರಾದದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

ಫಿಲ್ಟರ್ ನಿಮ್ಮ ಫೋಟೊದ ಚುಕ್ಕೆಗಳನ್ನೇ ತಿದ್ದುತ್ತದೆ. ಇಂಥ ಎಐ ಹಾಗಲ್ಲ. ಫೋಟೊದಲ್ಲಿ ಏನೇನಿದೆ ಎಂದು ಅಂದಾಜಿಸಿ, ಹೊಸ ಚಿತ್ರವನ್ನೇ ಬರೆದುಕೊಡುತ್ತದೆ. ಗೊತ್ತಾಗದ ಕಡೆ ತಾನೇ ತುಂಬಿಸುತ್ತದೆ. ಫೋಟೊದಲ್ಲಿ ಕನ್ನಡದ ಬೋರ್ಡ್ ಇದ್ದರೆ ಮೊದಲು ಅದನ್ನು ನೋಡಿ, ಎಷ್ಟೋ ಸಲ ಅಕ್ಷರಗಳು ಕನ್ನಡದಂತೆ ಕಾಣುವ ಸುರುಳಿಗಳಾಗಿರುತ್ತವೆ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ‘ಗದಗ’ ಎಂಬ ಸರಳ ಹೆಸರೂ ಇದಕ್ಕೆ ಹೊರತಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಫೋಟೊ ಇದ್ದರೆ ಅದರಲ್ಲೂ ಪರೀಕ್ಷಿಸಬಹುದು. ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳೇ ಆ ಹಕ್ಕಿಯ ಗುರುತು. ಎಐ ಚಿತ್ರದಲ್ಲಿ ಅವು ಎರಡೇ ಇವೆಯೇ, ಇವೆಯೋ ಇಲ್ಲವೋ ಎಂದು ಎಣಿಸಿ.

ಹಾಗಾದರೆ ಎಐ ಬಳಸಿದರೆ ಮುಖ ಬದಲಾಗಿ ಗುರುತು ಉಳಿಯುವುದಿಲ್ಲವಲ್ಲ ಎಂದು ಕೇಳಬಹುದು. ಮೂಗು ಸ್ವಲ್ಪ ಬದಲಾಗಬಹುದು, ಆದರೆ ಚಿತ್ರ ‘ನಿಮ್ಮಂತೆ’ ಕಾಣಬೇಕೆಂಬುದೇ ಆ ಸೌಲಭ್ಯದ ಗುರಿ. ಕೂದಲು ಬಾಚಿದ ರೀತಿ, ಕನ್ನಡಕ, ಶಾಲೆಯ ಸಮವಸ್ತ್ರದ ಬಣ್ಣ, ಹಿಂದಿನ ಮನೆಯ ಬಾಗಿಲು, ಪಕ್ಕದಲ್ಲಿ ನಿಂತ ಅಜ್ಜಿ ಎಲ್ಲವೂ ಸೇರಿ ಗುರುತು ಹೇಳುತ್ತವೆ.

ಕಾಣೆಯಾದ ಮಗುವಿನ ವಿಷಯದಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಗುರುತು ಸಿಗಬೇಕು. ಎಐ ಚಿತ್ರ ಮಚ್ಚೆಯನ್ನು ಅಳಿಸಿ, ಅಂಗಿಯ ಬಣ್ಣ ಬದಲಿಸಿದರೆ ಅಪರಿಚಿತರಿಗೆ ಮಗುವನ್ನು ಪತ್ತೆ ಮಾಡಲು ಆಗುವುದಿಲ್ಲ. ಪೊಲೀಸರು ಪ್ರಕಟಿಸಿದ ಮೂಲ ಫೋಟೊ ಇದ್ದರೆ ಅದನ್ನಷ್ಟೇ ಕಳುಹಿಸಿ. ಮಗು ಕಂಡರೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಾನೂನು ಏನನ್ನುತ್ತದೆ?

ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಮಾತ್ರವಲ್ಲ, ಗುರುತು ತಿಳಿಯುವಂತೆ ಮಾಡುವ ಯಾವುದೇ ಸಂಗತಿಯನ್ನು ಪ್ರಕಟಿಸುವುದೂ ಅಪರಾಧ. 2 ವರ್ಷಗಳವರೆಗೆ ಜೈಲು ಮತ್ತು ದಂಡ ಇದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಡಿಸಿ ಹೇಳುತ್ತದೆ: ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದೂ ಹೊರಬೀಳಬಾರದು.

ಇದು ಪತ್ರಿಕೆ, ಟಿವಿಯವರಿಗೆ ಮಾತ್ರ ಎಂದುಕೊಳ್ಳಬೇಡಿ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾಮಾಜಿಕ ಜಾಲತಾಣವನ್ನೂ ಹೆಸರಿಸಿ, ದೂರದಿಂದಲೂ ಗುರುತು ಬಿಟ್ಟುಕೊಡುವ ಸಂಗತಿಯನ್ನು ಯಾರೂ ಪ್ರಕಟಿಸಬಾರದು ಎಂದಿತು. ಸಂತ್ರಸ್ತೆ ತೀರಿಕೊಂಡಿದ್ದರೂ ಈ ರಕ್ಷಣೆ ಮುಗಿಯುವುದಿಲ್ಲ. ‘ನ್ಯಾಯ ಬೇಕು’ ಎಂಬ ಪೋಸ್ಟರ್‌ಗೆ ಅವಳ ಕಾರ್ಟೂನ್ ಚಿತ್ರ ಬೇಕಾಗಿಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆ್ಯಪ್ ಹಾಕಿಕೊಳ್ಳುವ ಮುನ್ನ

ಸುಮ್ಮನೆ ಖುಷಿಗಾಗಿ ತಮ್ಮದೇ ಫೋಟೊವನ್ನು ಕಾರ್ಟೂನ್ ಮಾಡುವವರಿಗೂ ಒಂದು ಎಚ್ಚರಿಕೆ. 2022ರ ಮಾರ್ಚ್‌ನಲ್ಲಿ ‘ಕ್ರಾಫ್ಟ್ಸ್‌ಆರ್ಟ್ ಕಾರ್ಟೂನ್ ಫೋಟೊ ಟೂಲ್ಸ್’ ಎಂಬ ಆ್ಯಪ್ ಫೇಸ್‌ಬುಕ್ ಪಾಸ್‌ವರ್ಡ್ ಕದಿಯುತ್ತಿರುವುದನ್ನು ಪ್ರಾಡಿಯೊ ಎಂಬ ಭದ್ರತಾ ಸಂಸ್ಥೆ ಪತ್ತೆ ಮಾಡಿತು. ಅದು ಎಲ್ಲೋ ಸಿಕ್ಕ ಎಪಿಕೆ ಕಡತವಲ್ಲ. ಗೂಗಲ್ ಪ್ಲೇ ಸ್ಟೋರ್‌ನಲ್ಲೇ ಇತ್ತು, 1 ಲಕ್ಷಕ್ಕೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿತ್ತು. ತೆರೆದ ಕೂಡಲೇ ಫೇಸ್‌ಬುಕ್ ಲಾಗಿನ್ ಕೇಳುತ್ತಿತ್ತು. ನಂತರ ಗೂಗಲ್ ಅದನ್ನು ತೆಗೆದುಹಾಕಿತು. ಫೋಟೊಗೆ ಬಣ್ಣ ಹಚ್ಚಲು ಫೇಸ್‌ಬುಕ್ ಪಾಸ್‌ವರ್ಡ್ ಯಾಕೆ ಬೇಕು ಎಂದು ಕೇಳಿಕೊಂಡರೆ ಅರ್ಧ ಅಪಾಯ ತಪ್ಪುತ್ತದೆ.

ಆ್ಯಪ್ ನಿಮ್ಮ ಫೋಟೊವನ್ನು ಬೇರೆ ಕಂಪ್ಯೂಟರಿಗೆ ಕಳುಹಿಸುತ್ತದೆಯೇ ಎಂದು ಅಂದಾಜಿಸಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ ಪ್ರಯತ್ನಿಸಿ. ಕಾರ್ಟೂನ್ ಆಗದಿದ್ದರೆ ಕೆಲಸ ನಡೆಯುತ್ತಿರುವುದು ನಿಮ್ಮ ಫೋನಿನಲ್ಲಲ್ಲ. ಆದರೂ ಕಾರ್ಟೂನ್ ಆದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ, ಇಂಟರ್ನೆಟ್ ಬಂದ ಮೇಲೆ ಕಳುಹಿಸಲೂಬಹುದು.

ಫೋಟೊ ತೆಗೆದ ಜಾಗದ ಮಾಹಿತಿ ಇನ್ನೊಂದು ಸಂಗತಿ. ಫೋನಿನ ಲೊಕೇಶನ್ ಆನ್ ಇದ್ದರೆ ಅದು ಕಡತದೊಳಗೆ ಸೇರಿರುತ್ತದೆ, ಕೆಲವು ತಂತ್ರಾಂಶಗಳು ಕಾರ್ಟೂನ್ ಮಾಡಿದ ಮೇಲೂ ಅದನ್ನು ಉಳಿಸುತ್ತವೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಆ ಮಾಹಿತಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ.

ನಿಜವಾಗಿ ಮುಖ ಮುಚ್ಚಬೇಕಾದ ಸಂದರ್ಭ ಬಂದರೆ, ಉದಾಹರಣೆಗೆ ಶಾಲೆಯ ಕಾರ್ಯಕ್ರಮದ ಫೋಟೊದಲ್ಲಿ ಬೇರೆಯವರ ಮಕ್ಕಳಿದ್ದರೆ, ಮುಖವನ್ನಲ್ಲದೆ ಇಡೀ ಆಕೃತಿಯನ್ನು ಒಂದೇ ಬಣ್ಣದ ಗಟ್ಟಿ ಚೌಕದಿಂದ ಮುಚ್ಚಿ. ಫೋನಿನ ಹೈಲೈಟರ್ ಪೆನ್ ಬೇಡ, ಅದು ಪಾರದರ್ಶಕ. ಎಡಿಟರ್‌ನಲ್ಲಿ ಬೆಳಕು ಹೆಚ್ಚಿಸಿದರೆ ಕೆಳಗಿನದು ಕಾಣುತ್ತದೆ.

ಇಂಥ ಕಾರ್ಟೂನ್ ಫೋಟೊವನ್ನು ಈಗಾಗಲೇ ಗುಂಪಿಗೆ ಕಳುಹಿಸಿದ್ದರೆ ಅದನ್ನು ಒತ್ತಿ ಹಿಡಿದು ‘ಡಿಲೀಟ್ ಫಾರ್ ಎವ್ರಿವನ್’ ಆರಿಸಿ. ಕಳುಹಿಸಿದ ಮೇಲೆ ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಈ ಅವಕಾಶ ಇರುತ್ತದೆ. ಬೇರೆಯವರು ಕಳುಹಿಸಿದ್ದನ್ನು ಗುಂಪಿನ ಅಡ್ಮಿನ್ ಅಳಿಸಬಹುದು, ಅವರಿಗೆ ಒಂದು ಮಾತು ಹೇಳಿ. ನಿಮ್ಮ ಫೋನಿನ ಗ್ಯಾಲರಿಯಲ್ಲಿ ತಾನಾಗಿ ಇಳಿದ ಪ್ರತಿಯಿದ್ದರೆ ಅದನ್ನೂ ಹುಡುಕಿ ತೆಗೆಯಿರಿ.